ಹಳೆಯ ದಡ, ಜೀವಂತ ಬಿರುಕು

ನೆಲ ನೋಡಿಕೊಂಡು ನಡೆಯುವುದೇ ನನ್ನ ಕೆಲಸ. ಹಾಗೆ ನಡೆಯುವ ಹೆಂಗಸು ಏನೋ ಕಳೆದುಕೊಂಡಿರಬೇಕು ಎಂದು ನಮ್ಮ ಕಡೆಯವರು ತಿಳಿಯುತ್ತಾರೆ, ಹುಡುಕಿಕೊಡಲು ಜೊತೆಗೂ ಬರುತ್ತಾರೆ. ಆಮೇಲೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ.

ನಾನು ಬ್ರಹ್ಮಾವರದವಳು, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ರಜೆ ಸಿಕ್ಕಿದರೆ ಸಮುದ್ರದ ಹಳೆಯ ದಡಗಳನ್ನು ಹುಡುಕುತ್ತೇನೆ. ಈಗಿನ ಅಲೆಗಳಿಗಿಂತ ಎಷ್ಟೋ ಮೇಲೆ, ತೆಂಗಿನ ತೋಟದ ಮಣ್ಣಿನಲ್ಲಿ ಚಿಪ್ಪು ಮತ್ತು ಅಲೆ ಉಜ್ಜಿದ ಕಲ್ಲುಗಳು ಸಿಕ್ಕರೆ, ಒಂದು ಕಾಲಕ್ಕೆ ದಡ ಅಲ್ಲಿತ್ತು. ಅದೇ ದಡ ಪಕ್ಕದಲ್ಲೇ ಥಟ್ಟನೆ ತಗ್ಗಿದ್ದರೆ, ನಡುವೆ ನೆಲ ಬಿರುಕು ಬಿಟ್ಟು ಒಂದು ಪಕ್ಕ ಮೇಲೆದ್ದಿರಬಹುದು.

ಜಾಗ ಯಾರದು?

ಯಡ್ತರೆ ಹತ್ತಿರ ಅಳತೆಕೋಲು ನಿಲ್ಲಿಸಿದ್ದೇ ತಡ, ಒಬ್ಬ ಗೃಹಸ್ಥರು ಓಡಿಬಂದರು.

"ಹ್ವಾಯ್, ರಸ್ತೆ ಅಗಲ ಮಾಡೂಕಾ? ನನ್ ಕಂಪೌಂಡ್ ಹೋತ್ತಾ?"

"ರಸ್ತೆ ಅಲ್ಲ ಮರ್ರೆ. ಹಿಂದೆ ಸಮುದ್ರ ನಿಮ್ಮ ಅಂಗಳದವರೆಗೆ ಇದ್ದಿತ್ತ್. ಅದನ್ನ್ ಕಾಂಬುಕ್ ಬಂದದ್ದ್."

ಅವರು ಸಮಾಧಾನದ ಉಸಿರು ಬಿಟ್ಟರು. ಮರುಕ್ಷಣವೇ ಆಚೀಚೆ ನೋಡಿ, ದನಿ ತಗ್ಗಿಸಿದರು.

"ಮೆಲ್ಲ ಹೇಳಿ. ಸರ್ವೆಯವ್ರ್ ಕೇಂಡ್ರೆ, ಇದ್ ಸಮುದ್ರದ್ದ್ ಜಾಗ, ಬಿಡಿ ಅಂಬ್ರ್!"

ಬೀಚು

ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಒಬ್ಬರು ಬೈಂದೂರಿನ ಒಳಭಾಗದಲ್ಲಿ ಕೋಣೆಗಳನ್ನು ಕಟ್ಟಿಸುತ್ತಿದ್ದರು. ಅವರ ಪಾಯದ ಗುಂಡಿಯಲ್ಲಿ ಸೊಗಸಾದ ಚಿಪ್ಪುಗಳಿದ್ದವು. ಇದು ಸಾವಿರಾರು ವರ್ಷ ಹಿಂದಿನ ಕಡಲತೀರ ಎಂದು ವಿವರಿಸಿದೆ. ಮುಂದಿನ ಸಲ ಹೋದಾಗ ಬಾಗಿಲಲ್ಲಿ ದೊಡ್ಡ ಬೋರ್ಡು: 'ಬೀಚ್ ರೆಸಾರ್ಟ್'. ಸಮುದ್ರದ ಸದ್ದೂ ಅಲ್ಲಿಗೆ ಕೇಳುವುದಿಲ್ಲ.

"ಬಂದವ್ರ್ ಬೀಚ್ ಎಲ್ಲಿ ಅಂದ್ ಕೇಂಡ್ರೆ?" ಎಂದೆ.

"ಇದೇ ಬೀಚ್ ಅಂದ್ ನೀವೇ ಹೇಳಿದ್ದಲ್ದಾ? ಅವ್ರ್ ಬಪ್ದ್ ಒಂಚೂರ್ ಲೇಟಾಯ್ತ್, ಅಷ್ಟೇ."

ಬಿರುಕು

ಹಟ್ಟಿಯಂಗಡಿ ಕಡೆಯ ಒಂದು ಮನೆಯ ಹಿಂದೆ ಹಳೆಯ ದಡ ಕತ್ತರಿಸಿದಂತೆ ತಗ್ಗಿತ್ತು. ಇಂಥದ್ದು ಸಿಗುವುದು ಅಪರೂಪ. ಖುಷಿ ತಡೆಯಲಾಗದೆ ಚಾ ಹೋಟೆಲಿನಿಂದಲೇ ಸಹೋದ್ಯೋಗಿಗೆ ಫೋನು ಮಾಡಿದೆ.

"ಆ ಮನೆಯಲ್ಲಿ ದೊಡ್ಡ ಬಿರುಕಿದೆ. ತುಂಬ ಹಳೆಯದು. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಈಗಲೂ ಜೀವಂತ ಇದೆಯಾ ನೋಡಬೇಕು."

ಪಕ್ಕದ ಮೇಜಿನಲ್ಲಿ ಕೂತವರು ಆ ಮನೆಯ ಮಗಳನ್ನು ನೋಡಿ ಒಪ್ಪಿಹೋಗಿದ್ದ ಹುಡುಗನ ಸೋದರಮಾವ ಎಂದು ನನಗೇನು ಗೊತ್ತು!

ಕೆಲವು ದಿನಗಳಲ್ಲಿ ಹುಡುಗಿಯ ತಾಯಿ ಫೋನು ಮಾಡಿದರು. "ಮೇಡಮ್ಮ, ನಮ್ಮನಿಯಂಗೆ ಎಂತ ಬಿರುಕ್ ಕಂಡ್ರಿ ನೀವ್? ನಿಶ್ಚಿತಾರ್ಥ ಬ್ಯಾಡ ಅಂಬ್ರಲೆ ಅವ್ರ್. ಹೆಣ್ಣ್ ಊಟ ಬಿಟ್ಟಿತ್ತ್."

ಅಂದೇ ಶಂಕರನಾರಾಯಣದ ಹತ್ತಿರವಿರುವ ಹುಡುಗನ ಮನೆಗೆ ಹೋದೆ. ಚಾವಡಿಯಲ್ಲಿ ಹುಡುಗನ ತಂದೆ, ಚಿಕ್ಕಪ್ಪ, ಸೋದರಮಾವ ಬಿಗಿದ ಮುಖದಲ್ಲಿ ಕೂತಿದ್ದರು. ತಟ್ಟೆಯಲ್ಲಿದ್ದ ಬಿಸ್ಕತ್ತು ಮುರಿದು, ಒಂದು ಚೂರನ್ನು ಮೇಲಕ್ಕೆ, ಇನ್ನೊಂದನ್ನು ಕೆಳಗೆ ಹಿಡಿದು ತೋರಿಸಿದೆ. "ಬಿರುಕು ಮನೆಯವರ ನಡುವೆ ಅಲ್ಲ, ನೆಲದಲ್ಲಿ."

"ಜೀವಂತ ಅಂದದ್ದ್?" ಎಂದರು ಸೋದರಮಾವ.

"ಆ ನೆಲ ಈಗಲೂ ಅಲುಗುತ್ತದೆಯಾ ಅಂತ. ಸಾವಿರಾರು ವರ್ಷಗಳಿಂದ ಅಲುಗಿದ ಗುರುತು ಸಿಕ್ಕಿಲ್ಲ."

ನೆಲ ಒಂದಿಷ್ಟು ಮೇಲೇಳಲು ಎಷ್ಟೋ ತಲೆಮಾರು ಬೇಕು. ನನ್ನ ಒಂದು ಮಾತಿಗೆ ಎರಡು ಮನೆ ಅಲುಗಲು ಒಂದು ಲೋಟ ಚಾ ಕುಡಿಯುವಷ್ಟು ಹೊತ್ತು ಸಾಕಾಗಿತ್ತು. ಆ ಮದುವೆ ಕೊನೆಗೆ ಚೆನ್ನಾಗಿಯೇ ಆಯಿತು. ಆದರೆ ಅದು ನನ್ನ ಬಿಸ್ಕತ್ತಿನಿಂದಲ್ಲ, ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದ ಅಜ್ಜಿಯಿಂದ.

"ಸಾವಿರಾರ್ ವರ್ಷದಿಂದ ಅಲ್ಲಾಡ್ಲಿಲ್ಯಾ ಹೆಣೆ?" ಎಂದು ನನ್ನನ್ನು ಕೇಳಿದರು.

"ಇಲ್ಲೆ ಅಜ್ಜಿ."

ಅಜ್ಜಿ ತಮ್ಮ ಇಬ್ಬರು ಗಂಡುಮಕ್ಕಳ, ಅಂದರೆ ಹುಡುಗನ ತಂದೆ ಮತ್ತು ಚಿಕ್ಕಪ್ಪನ, ಕಡೆ ತಿರುಗಿದರು. "ನಿಮ್ಮಿಬ್ರ ಜಗಳಕ್ಕೆ ಈ ಮನಿ ತಿಂಗ್ಳಿಗೊಂದ್ ಸಲ ಅಲ್ಲಾಡತ್ತ್. ಬೇಗ ಸಂಬಂಧ ಗಟ್ಟಿ ಮಾಡಿ, ಈ ಮೇಡಮ್ಮ ನಮ್ಮನಿ ಬಿರುಕ್ ಕಾಂಬುಕ್ ಮುಂಚೆ!"