ಒಂದೇ ಕೋಣೆಯ ಹೊಟ್ಟೆ

ಸಾತನೂರಿನಲ್ಲಿ ಮನುಷ್ಯರಿಗಿಂತ ಚೆನ್ನಾಗಿ ಉಣ್ಣುವವರು ಯಾರಾದರೂ ಇದ್ದರೆ ಅವು ನನ್ನ ಸೋದರಮಾವನ ಮೊಲಗಳು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು, ಮಧ್ಯಾಹ್ನ ಅಗಸೆ ಬೀಜ ಕುಟ್ಟಿ ಬೆರೆಸಿದ ಬೂಸಾ, ಸಂಜೆಗೆ ವಿಟಮಿನ್. ಅದೇ ಮನೆಗೆ ನಾನು ಹೋದರೆ ಮುದ್ದೆ, ಸೊಪ್ಪಿನ ಸಾರು. ಹುಟ್ಟಿದರೆ ಮಾವನ ಮೊಲವಾಗಿ ಹುಟ್ಟಬೇಕು ಎಂದು ಬರೆಯಬಹುದಿತ್ತು. ಕೊನೆಗೆ ಮೊಲದ ಗತಿ ಏನಾಗುತ್ತದೆಂದು ಗೊತ್ತಿರುವುದರಿಂದ ಬರೆಯುವುದಿಲ್ಲ.

ಇದೆಲ್ಲ ಶುರುವಾದದ್ದು ಅತ್ತೆಯ ಎದೆನೋವಿನಿಂದ. ಸ್ಟೆಂಟ್ ಹಾಕಿದ ಡಾಕ್ಟರು, “ಮಟನ್ ಬಿಡಿ, ಕೊಬ್ಬು ಕಮ್ಮಿ ಇರೋ ಮಾಂಸ ಒಸಿ ತಿನ್ನಬಹುದು” ಎಂದರು. (ಡಾಕ್ಟರು ‘ಸ್ವಲ್ಪ’ ಎಂದಿರಬೇಕು. ನನ್ನ ನೆನಪು ಎಲ್ಲರ ಬಾಯಿಗೂ ನಮ್ಮೂರ ಮಾತು ತುರುಕುತ್ತದೆ, ಅದನ್ನು ಪೂರ್ತಿ ನಂಬಬೇಡಿ.) ಅತ್ತೆ ಬಾಡಿನ ಸಾರಿಗೆ ಹೆಸರಾದವರು. ಸಾರು ಕುದಿಯುವಾಗ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು, ನೆಕ್ಕಿ, ಉಪ್ಪು ನೋಡುವರು. ಆ ಅಂಗೈ ಒಪ್ಪಿದ ಮೇಲೆಯೇ ಎಲೆ ಹಾಕುತ್ತಿದ್ದದ್ದು. ಆಸ್ಪತ್ರೆಯಿಂದ ಬಂದವರು ಅದನ್ನೂ ಬಿಟ್ಟರು.

“ಒಸಿ ತಿನ್ನೋದಕ್ಕಿಂತ ಪೂರಾ ಬುಡೋದೇ ವಾಸಿ ಕಣಪ್ಪ” ಎಂದರು.

ಅಂದಿನಿಂದ ಹಬ್ಬಕ್ಕೆ ನೆಂಟರಿಗೆಂದು ಮಾಡುವ ಬಾಡೂಟ ಉಪ್ಪಿನಲ್ಲಿ ಒಮ್ಮೆ ಸಮುದ್ರ, ಒಮ್ಮೆ ಸಪ್ಪೆ.

“ಅವಳು ಮತ್ತೆ ಅಂಗೈ ಚಾಚ್ಬೇಕು ಕಣ್ಲಾ. ಅವಳಿಗೆ ಅಂತಾನೇ ಒಂದು ಮಾಂಸ ಬೆಳೀತೀನಿ” ಎಂದರು ಮಾವ.

ಮಾಂಸವೇನು ರಾಗಿಯೇ, ಬೆಳೆಯಲು? ಆದರೆ ಮಾವ ಮೊಲ ಸಾಕಣೆಯ ತರಬೇತಿಗೆ ಹೋಗಿ, ಪಂಡಿತರಾಗಿ ಬಂದರು.

“ಮೇಕೆ ಹೊಟ್ಟೆ ನಾಲ್ಕು ಕೋಣೆ ಮನೆ. ಎಂಥ ಎಣ್ಣೆಕಾಳು ಕೊಟ್ರೂ ಆ ಕೋಣೆ ಈ ಕೋಣೆ ಸುತ್ತಿ ಬೇರೇನೋ ಆಗೋಯ್ತದೆ. ಮೊಲದ್ದು ಒಂದೇ ಕೋಣೆ. ಅಗಸೆ ಕೊಟ್ರೆ ಅಗಸೆಯ ಒಳ್ಳೆ ಕೊಬ್ಬು ಹಂಗೇ ಮಾಂಸಕ್ಕೆ ಬತ್ತದೆ.”

“ಬರೀ ಬೂಸಾ ಕೊಟ್ರೆ ಮಾವ?”

“ನಿನ್ನಂಗಾಯ್ತದೆ.”

ಅಗಸೆ ಹೆಚ್ಚಾದರೆ ಮಾಂಸದ ಕೊಬ್ಬು ಬೇಗ ಕಮಟು ಹಿಡಿಯುತ್ತದೆ, ವಿಟಮಿನ್ ಇ ಕೊಟ್ಟರೆ ತಡೆಯುತ್ತದೆ ಎಂದೂ ಕಲಿತಿದ್ದರು. ಕನಕಪುರದ ಮೆಡಿಕಲ್ ಸ್ಟೋರಿಗೆ ನನ್ನನ್ನೂ ಎಳೆದುಕೊಂಡು ಹೋದರು.

“ಚರ್ಮಕ್ಕಾ ಯಜಮಾನ್ರೆ, ಕೂದಲಿಗಾ?” ಎಂದ ಅಂಗಡಿಯವನು.

“ತೊಡೆಗೆ” ಎಂದರು ಮಾವ.

ಅವನು ಮಾವನ ತೊಡೆಯನ್ನೊಮ್ಮೆ ನೋಡಿ ಮಾತ್ರೆ ಕೊಟ್ಟ.

ನನಗೆ ಒಂದು ಪ್ರಶ್ನೆ ಉಳಿದಿತ್ತು. “ಅಗಸೇನ ನೇರ ಅತ್ತೆಗೇ ಚಟ್ನಿಪುಡಿ ಮಾಡಿ ಕೊಟ್ರೆ ಆಯ್ತಲ್ಲ ಮಾವ? ನಡುವೆ ಮೊಲ ಯಾಕೆ?”

ಮಾವ ಮಾತ್ರೆಯ ಪೊಟ್ಟಣ ಜೇಬಿಗಿಳಿಸಿದರು. “ಚಟ್ನಿಪುಡಿಗೆ ಯಾರ್ಲಾ ಅಂಗೈ ಚಾಚ್ತಾರೆ?”

ಇಷ್ಟಕ್ಕೇ ನಿಲ್ಲಿಸಿದ್ದರೆ ಅವರು ನಮ್ಮ ಮಾವನೇ ಅಲ್ಲ. ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಹುಳುವಿನಲ್ಲಿಯೂ ಅದೇ ಒಳ್ಳೆಯ ಕೊಬ್ಬು ಇದೆಯೆಂದು ಯಾರೋ ಕಿವಿಯೂದಿದರು. ರಾಮನಗರದ ಸೀಮೆಯಲ್ಲಿ ಹುಳುವಿಗೇನು ಬರ? ಒಣಗಿಸಿದ ಹುಳುವಿನ ಮೂಟೆ ಹೊತ್ತು ಬಸ್ಸು ಹತ್ತಿದರು. ಬಸ್ಸಿನ ಕಿಟಕಿಗಳೆಲ್ಲ ತಾವಾಗಿಯೇ ತೆರೆದುಕೊಂಡವಂತೆ.

“ಒಳಗೇನೈತೆ ಯಜಮಾನ್ರೆ?” ಎಂದ ಕಂಡಕ್ಟರ್, ಮೂಗು ಹಿಡಿದುಕೊಂಡು.

“ಆರೋಗ್ಯ ಐತೆ.”

“ಹಂಗಾರೆ ಆರೋಗ್ಯ ತಕ್ಕೊಂಡು ಇಳೀರಿ.”

ಹೇಗೋ ಊರು ಸೇರಿದ ಆ ಹುಳು ಪುಡಿಯಾಗಿ, ಬೆಲ್ಲ ಬೆರೆತು, ಮೊಲಗಳ ಹೊಟ್ಟೆ ಸೇರಿತು. ಮಾವ ಹೇಳಿದ್ದು ನಿಜವೇ ಆಯಿತು: ಆ ಒಂದು ಕೋಣೆಗೆ ಹೋದದ್ದು ಹಾಗೆಯೇ ಮಾಂಸಕ್ಕೆ ಬಂದಿತ್ತು, ವಾಸನೆಯ ಸಮೇತ! ಮೊದಲ ಮೊಲದ ಸಾರು ಕುದಿಯುತ್ತಿದ್ದಂತೆ ಅಡುಗೆಮನೆಯಲ್ಲಿ ರಾಮನಗರದ ನೂಲು ಬಿಚ್ಚುವ ಕೇರಿಯೇ ಬಂದು ಕೂತಿತು. ಮಾವ ಬಾಗಿಲಲ್ಲಿ ನಿಂತು ಅತ್ತೆಯ ಕೈಯನ್ನೇ ನೋಡುತ್ತಿದ್ದರು. ಆ ಕೈ ಸೆರಗೆಳೆದು ಮೂಗು ಮುಚ್ಚಿತು.

“ಉಪ್ಪು ನೋಡೋದಿರ್ಲಿ, ಉಸಿರಾಡಕ್ಕಾಯ್ತಿಲ್ಲ.”

ನಾನು ಮರ್ಯಾದೆಗೆ ಎರಡು ತುಂಡು ತಿಂದೆ. ಮಾವ ಮಾತ್ರ “ತೀರ್ಪು ಹೇಳೋನು ತಿನ್ಬಾರ್ದು” ಎಂದು ಸೊಪ್ಪಿನ ಸಾರಿಗೆ ಮುದ್ದೆ ಅದ್ದಿದರು. ಎಂಥ ಚಾಲಾಕಿ ಮುದುಕ ಎಂದುಕೊಂಡೆ.

ಹುಳುವಿನ ಮೂಟೆ ತಿಪ್ಪೆ ಸೇರಿತು. ಮಾವ ಮತ್ತೆ ಅಗಸೆಗೆ, ಹಿತಮಿತಕ್ಕೆ ಮರಳಿದರು. ಹೊಸ ಮರಿಗಳು ಬೆಳೆದವು. ಚೆಕಪ್ಪಿಗೆ ಹೋದಾಗ ಮೊಲದ ಊಟದ ಪಟ್ಟಿ ಪೂರ್ತಿ ಕೇಳಿಸಿಕೊಂಡ ಡಾಕ್ಟರು ನಕ್ಕು, ಎಣ್ಣೆ ಕಮ್ಮಿ ಹಾಕಿ ಮಾಡಿ, ಒಂದೆರಡು ತುಂಡು ತಿನ್ನಲಿ ಎಂದರಂತೆ.

ಆ ಭಾನುವಾರ ನಾನೂ ಹೆಂಡತಿಯೂ ಅಲ್ಲಿದ್ದೆವು. ಈಗ ಬರೆಯುವುದನ್ನು ನೆನಪು ತಿದ್ದಿ ನಯ ಮಾಡಿರಬಹುದು. ಮಾವ ಬಾಗಿಲಲ್ಲಿದ್ದರೆಂದು ನಾನು, ಕಿಟಕಿಯಾಚೆ ಇದ್ದರೆಂದು ನನ್ನ ಹೆಂಡತಿ. ಸಾರು ಕುದಿಯುತ್ತಿತ್ತು. ಅತ್ತೆ ಸೌಟೆತ್ತಿದರು. ಇಳಿಸಿದರು. ಮತ್ತೆ ಎತ್ತಿ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದರು.

“ಒಂದು ಚಿಟಿಕೆ ಕಮ್ಮಿ.”

ಅತ್ತೆ ಅಂಗೈಗೆ ಇನ್ನೊಂದು ತೊಟ್ಟು ಬಿಟ್ಟುಕೊಂಡು ಮಾವನ ಮುಂದೆ ಹಿಡಿದರು.

“ನೀವೂ ನೋಡಿ. ನಾನು ಬುಟ್ಟಾಗಿಂದ ನೀವೂ ಬಾಡು ಮುಟ್ಟಿಲ್ಲ. ನಂಗೊತ್ತಿಲ್ಲ ಅಂದ್ಕಂಡ್ರಾ?”

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಅವರ ಪಕ್ಕದಲ್ಲಿಯೇ ಕೂತು ಆ ಸೊಪ್ಪಿನ ಸಾರು ಉಂಡಿದ್ದೆ.

ಮಾವ ಬಗ್ಗಿ, ಅಂಗೈಗೆ ಬಾಯಿ ಹಚ್ಚಿದರು. ತಲೆಯೆತ್ತಲು ಒಸಿ ತಡವಾಯಿತು.

“ಕಮ್ಮಿ ಏನಿಲ್ಲ ಕಣೇ. ಸರಿಯಾಗೈತೆ.”

“ಸುಮ್ನಿರಿ, ನಿಮಗೇನು ಗೊತ್ತಾಯ್ತದೆ” ಎನ್ನುತ್ತಾ ಅತ್ತೆ ಉಪ್ಪಿನ ಡಬ್ಬಿ ಎಳೆದುಕೊಂಡರು.