ಪಾಯಸ ತುಂಬುವ ಯಂತ್ರವೂ ನನ್ನ ಭಕ್ತಿಯೂ

ಯಂತ್ರಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಅಪಾರ ವಿಶ್ವಾಸ. ಯಂತ್ರಗಳಿಗೆ ನನ್ನ ಮೇಲೆ ಅದು ಇಲ್ಲ ಎಂಬುದು ಬೇರೆ ಮಾತು! ಮಸ್ಕತ್ತಿನ ಕಂಪನಿಯೊಂದರಲ್ಲಿ ನಾನು ಯಂತ್ರಗಳನ್ನು ಖರೀದಿಸುವ ಅಧಿಕಾರಿ. ಕೊಳ್ಳುವವನಿಗೆ ರಿಪೇರಿಯೂ ಬರುತ್ತದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಇಲ್ಲಿನ ದಾರ್ಸೈಟ್ ಬಡಾವಣೆಯಲ್ಲಿ ನಮ್ಮ ಊರಿನವರೆಲ್ಲ ಸೇರಿ ಮಾಡುವ ಆಯುಧಪೂಜೆಯ ಊಟಕ್ಕೆ ಪಾಯಸ ನನ್ನ ಹೆಂಡತಿ ವಸಂತಿಯದೇ. ಅದನ್ನು ಸೌಟಿನಲ್ಲಿ ಕಪ್ಪಿಗೆ ಬಡಿಸುವಾಗ ಅರ್ಧ ಪಾಯಸ ನೆಲದ ಪಾಲಾಗುತ್ತಿತ್ತು. ಈ ಸಲದ ಸಭೆಯಲ್ಲಿ ನಾನು ಎದ್ದು ನಿಂತು ಘೋಷಿಸಿಬಿಟ್ಟೆ: "ಈ ವರ್ಷ ಪಾಯಸಕ್ಕೆ ಮನುಷ್ಯರ ಕೈ ಸೋಕುವುದಿಲ್ಲ. ಎಲ್ಲವೂ ಯಂತ್ರ!" ಚಪ್ಪಾಳೆ ಬಿತ್ತು. ವಸಂತಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಯಂತ್ರ ಕೊಟ್ಟವರು ಹಮೀದಾಕ. ಮಸ್ಕತ್ತಿನ ಪಕ್ಕದ ಅಲ್ ಅಮೇರಾತಿನಲ್ಲಿ ಜ್ಯೂಸ್ ಅಂಗಡಿ ಇಟ್ಟಿರುವ ನಮ್ಮ ಮಂಗಳೂರಿನ ಬ್ಯಾರಿಗಳು. ಅಂಗಡಿಯಲ್ಲಿ ಮಜ್ಜಿಗೆ ತುಂಬಲು ಬಳಸುತ್ತಿದ್ದ ಯಂತ್ರ ಅದು. ಹಿಡಿ ಎಳೆದರೆ ತೂತುಗಳಿರುವ ದುಂಡು ತಟ್ಟೆ ಒಂದು ಹೆಜ್ಜೆ ತಿರುಗುತ್ತದೆ. ಮೊದಲ ಜಾಗದಲ್ಲಿ ತೂತಿಗೆ ಕಪ್ಪು ಇಳಿಯುತ್ತದೆ, ಮುಂದಿನದರಲ್ಲಿ ಪಾಯಸ ಬೀಳುತ್ತದೆ, ಅದರ ಮುಂದೆ ಬಿಸಿ ಅಚ್ಚು ಬಂದು ಮುಚ್ಚಳ ಅಂಟಿಸುತ್ತದೆ. ಹಬ್ಬದ ಹಿಂದಿನ ದಿನ ಮನೆಗೆ ತಂದು ನೀರು ತುಂಬಿಸಿ ನೋಡಿದೆ. ಒಂದು ಹನಿಯೂ ಆಚೆ ಬೀಳಲಿಲ್ಲ!

ಶುಕ್ರವಾರ ಬೆಳಿಗ್ಗೆ ವಸಂತಿಯ ಹೆಸರುಬೇಳೆ ಪಾಯಸ ತಯಾರಾಯಿತು. ನಾನು ಮೊದಲ ಸಲ ಹಿಡಿ ಎಳೆದೆ. ಕಪ್ಪು ಬಂತು. ಪಾಯಸವೂ ಬಂತು. ಎರಡೂ ಬೇರೆ ಬೇರೆ ಕಡೆಗೆ!

"ಎಂತ ಇದು? ಅದು ಕಪ್ಪಿನ ಹೊರಗೆ ಬೀಳ್ತಾ ಉಂಟಲ್ಲ ಮಾರಾಯ್ರೆ!" ಎಂದಳು ವಸಂತಿ.

"ಮೇಜು ಸಮ ಇಲ್ಲ," ಎಂದು ಗಂಭೀರವಾಗಿ ತೀರ್ಪು ಕೊಟ್ಟು, ಮೇಜಿನ ಕಾಲಿಗೆ ರಟ್ಟು ಕೊಟ್ಟೆ. ಈಗ ಪಾಯಸ ಮೇಜಿನ ಒಂದೇ ಮೂಲೆಗೆ ಶಿಸ್ತಾಗಿ ಹರಿಯತೊಡಗಿತು. ಪಾಯಸದ ನಳಿಗೆಯನ್ನೇ ಕಪ್ಪಿನ ಕಡೆಗೆ ಬಗ್ಗಿಸಿದೆ. ಪಾಯಸ ಕಪ್ಪಿಗೆ ಬಿತ್ತು! ನಾನು ಕುಣಿದೇ ಬಿಟ್ಟೆ. ಅಷ್ಟರಲ್ಲಿ ಬಿಸಿ ಅಚ್ಚು ಇಳಿದು ಕಪ್ಪಿನ ಅಂಚನ್ನೇ ಕಚ್ಚಿ, ಕಪ್ಪು ಸುಟ್ಟು ಸೊಟ್ಟಗಾಯಿತು. ಮಗಳು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. "ಅಪ್ಪಾ, ಒನ್ಸ್ ಮೋರ್ ಪ್ಲೀಸ್! ಎಲ್ರೂ ಗ್ರೂಪಲ್ಲಿ ಕೇಳ್ತಿದ್ದಾರೆ!"

ಸಭೆಯ ಚಪ್ಪಾಳೆ ಕಿವಿಯಲ್ಲಿ ಗುಂಯ್‌ಗುಟ್ಟಿತು. ಮಧ್ಯಾಹ್ನದೊಳಗೆ ಪಾಯಸ ಊಟದ ಹಾಲ್ ತಲುಪದಿದ್ದರೆ ನನ್ನ ಮಾನ ಹೋಗುವುದಿರಲಿ, ವಸಂತಿಯ ಬೆಳಗಿನ ದುಡಿಮೆ ನಮ್ಮ ಮೇಜಿನ ಮೇಲೇ ಮುಗಿಯುತ್ತಿತ್ತು. ನಾನು ಹಮೀದಾಕರಿಗೆ ಫೋನ್ ಮಾಡಿದೆ. ಅವರು ಅಂಗಡಿ ಬಿಟ್ಟು ಓಡಿ ಬಂದರು.

"ನನ್ನ ಅಂಗಡಿಯಲ್ಲಿ ಒಂದು ದಿನ ಕಿರಿಕಿರಿ ಮಾಡಿದ್ದಿಲ್ಲ ಸಾರ್. ಇಲ್ಲಿಗೆ ತಂದ ಮೇಲೆ ನೀವು ಎಂತಾದ್ರೂ ಮಾಡಿದ್ರಾ?"

"ಏನೂ ಮಾಡಿಲ್ಲ! ದೇವರಾಣೆ!"

ಅವರು ಪಾಯಸದ ಪಾತ್ರೆಯನ್ನು ನೋಡಿದರು, ಗಡಿಯಾರ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. "ಖಲಾಸ್! ಸೌಟು ಕೊಡಿ ಅಕ್ಕ," ಎಂದು ತೋಳು ಮಡಚಿದರು. ವಸಂತಿ ಬಡಿಸಿದಳು, ಹಮೀದಾಕ ಮುಚ್ಚಳ ಒತ್ತಿದರು, ಮಗಳು ಪೆಟ್ಟಿಗೆಗೆ ಜೋಡಿಸಿದಳು. ಒಬ್ಬರನ್ನೊಬ್ಬರು ರೇಗಿಸುತ್ತಾ ಅವರು ಕೆಲಸ ಮುಗಿಸಿದ್ದು ಯಂತ್ರಕ್ಕಿಂತ ಬೇಗ. ನೆಲ ಒರೆಸುವ ಜವಾಬ್ದಾರಿಯನ್ನು ಸರ್ವಾನುಮತದಿಂದ ನನಗೆ ವಹಿಸಲಾಯಿತು. ನಿಜ ಹೇಳಬೇಕೆಂದರೆ, ಅಷ್ಟು ಖುಷಿಯಾಗಿ ನಾನು ಯಾವತ್ತೂ ನೆಲ ಒರೆಸಿದವನಲ್ಲ.

ಹೊರಡುವ ಮೊದಲು ಹಮೀದಾಕ ತಟ್ಟೆ ಬಿಚ್ಚಿ ಕೊಟ್ಟರು, ವಸಂತಿ ತೊಳೆಯಲು ತಿರುಗಿಸಿ ಹಿಡಿದಳು. ತಟ್ಟೆಯ ಅಡಿಯಲ್ಲಿ ಸುತ್ತಲೂ ಸಣ್ಣ ಗುಳಿಗಳು. ತಟ್ಟೆ ತಿರುಗಿದಾಗಲೆಲ್ಲ ಕೆಳಗಿನ ಗುಂಡೊಂದು ಗುಳಿಯಲ್ಲಿ ಕೂರಬೇಕು, ಆಗಲೇ ಕಪ್ಪು ನೆಟ್ಟಗೆ ನಳಿಗೆಯ ಅಡಿಗೆ ಬರುವುದು. ಗುಳಿಗಳೆಲ್ಲ ಅಕ್ಕಿಕಾಳುಗಳಿಂದ ಭರ್ತಿಯಾಗಿದ್ದವು!

"ನಾನು ಪಾಯಸಕ್ಕೆ ಅಕ್ಕಿ ಹಾಕ್ಲೇ ಇಲ್ಲ," ಎಂದಳು ವಸಂತಿ ನಿಧಾನವಾಗಿ. "ಅದೂ ಅರಿಶಿನದ ಅಕ್ಕಿ!"

ಆಗ ನೆನಪಾಯಿತು. ಬೆಳಿಗ್ಗೆ ಸ್ನಾನ ಮಾಡಿ ಕಾರಿಗೆ, ಮಿಕ್ಸಿಗೆ, ಲ್ಯಾಪ್‌ಟಾಪಿಗೆ ಪೂಜೆ ಮಾಡಿದ್ದೆ. ಹೊಸದಾಗಿ ಬಂದ ಅತಿಥಿಯೆಂದು ಈ ಯಂತ್ರಕ್ಕೆ ತುಪ್ಪ ಬೆರೆಸಿದ ಕುಂಕುಮ ಬಳಿದು, ಮೇಲಿನಿಂದ ಮುಷ್ಟಿ ತುಂಬ ಅಕ್ಷತೆ ಸುರಿದಿದ್ದೆ. ಅದು ತೂತುಗಳಿಂದ ಇಳಿದು, ತುಪ್ಪಕ್ಕೆ ಅಂಟಿ ಗುಳಿಗಳಲ್ಲಿ ಕೂತಿತ್ತು. ಪೂಜೆ ಮಾಡುವುದೂ 'ಏನಾದರೂ ಮಾಡಿದ' ಲೆಕ್ಕಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಹಮೀದಾಕ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾವು ಊಟದ ಹಾಲ್ ತಲುಪಿದಾಗ ಅಲ್ಲಿನ ಪೂಜೆ ಮುಗಿದಿತ್ತು. ವಿಡಿಯೋ ನಮಗಿಂತ ಮೊದಲೇ ತಲುಪಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಸಲ ವಸಂತಿಯೂ ತಟ್ಟಿದಳು. ಭಟ್ಟರು ಅಕ್ಷತೆ ಹಿಡಿದು ಆಶೀರ್ವದಿಸಲು ಬಂದರು. ನಾನು ಗಾಬರಿಯಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

"ಧೈರ್ಯವಾಗಿ ಅವರ ತಲೆಗೆ ಹಾಕಿ ಭಟ್ರೇ," ಎಂದಳು ವಸಂತಿ. "ಅದರ ಒಳಗೆ ತಿರುಗುವಂಥದ್ದು ಎಂತದೂ ಇಲ್ಲ!"

ನಾನು ವಿನಯದಿಂದ ತಲೆ ಬಾಗಿಸಿದೆ.