ದೊಡ್ಡಪ್ಪನ ಕಲ್ಲುದಾನ

ನಮ್ಮ ದೊಡ್ಡಪ್ಪನ ಬಳಿ ದಾನ ಕೇಳಲು ಹೋಗುವವರಿಗೆ ನನ್ನದೊಂದೇ ಸಲಹೆ: ಲಾರಿ ಮಾಡಿಕೊಂಡು ಹೋಗಿ. ಬರಿಗೈಯಲ್ಲಿ ಅವರು ಯಾರನ್ನೂ ಕಳಿಸಿದವರಲ್ಲ. ಆದರೆ ಅವರು ಕೊಡುವುದು ಕೈಯಲ್ಲಿ ಹಿಡಿಯುವಂಥದ್ದಲ್ಲ!

ತಾಂಡೂರಿನಲ್ಲಿ ಅವರದು ಹಾಸುಗಲ್ಲಿನ ಪಾಲಿಶ್ ಕಾರ್ಖಾನೆ. ಹಳ್ಳಿಯಲ್ಲಿ ಹಾಡುವವರು, ಕುಣಿಯುವವರು, ಬಣ್ಣ ಹಚ್ಚುವವರು ಎಂದರೆ ಅವರಿಗೆ ಪ್ರಾಣ. ಜೊತೆಗೆ, ಯಾವ ಕಲೆಯ ಯಾವ ಕೊರತೆಯೂ ಕಲ್ಲಿನಿಂದ ನೀಗುತ್ತದೆ ಎಂಬ ನಂಬಿಕೆ. ಜಹೀರಾಬಾದ್ ಕಡೆಯ ಭಜನೆಯವರು ಹಾರ್ಮೋನಿಯಂ ಕೇಳಲು ಬಂದರು; ಕೂತು ಹಾಡಲು ಕಟ್ಟೆಯ ಕಲ್ಲು ಸಿಕ್ಕಿತು. ನಾರಾಯಣಖೇಡದ ನಾಟಕದವರು ಪರದೆ ಕೇಳಿದರು.

"ಪರದಾ ಹರೀತದ. ಕಲ್ಲು ಹರೀತದೇನು?" ಎಂದು ದೊಡ್ಡಪ್ಪ ಅವರನ್ನೇ ಕೇಳಿದರು.

ಹರಿಯುವುದಿಲ್ಲ, ನಿಜ. ಮೇಲಕ್ಕೆ ಎಳೆಯಲೂ ಆಗುವುದಿಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಅವರ ನಾಟಕದಲ್ಲಿ ಈಗ ರಾಜನೂ ರಾಣಿಯೂ ಕಲ್ಲುಗೋಡೆಯ ಹಿಂದಿನಿಂದಲೇ ಪ್ರವೇಶಿಸುತ್ತಾರೆ.

"ಎಲ್ಲಾರಿಗೂ ಕಲ್ಲೇ ಕೊಡ್ತೀರಲ್ಲ, ಮಂದಿ ಏನಂತಾರ?" ಎಂದರು ದೊಡ್ಡವ್ವ.

"ಮಜಬೂತ್ ಮನಷ್ಯಾ ಅಂತಾರ."

"ನನ್ನ ಕಿವಿಗಿ ಬಿದ್ದದ್ದು ಬ್ಯಾರೇನೇ ಅದ, ಬಿಡ್ರಿ!"

ಪೆದ್ದೆಮುಲ್ ಕಡೆಯ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಊರಿಗೆಲ್ಲ ಅವರು 'ಆಯಿ'. ಬೀಸುವ ಪದಗಳು ಪೂರ್ತಿ ಬರುವುದು ಅವರೊಬ್ಬರಿಗೇ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವವರೂ ಇಲ್ಲ, ಹಾಡುವವರೂ ಇಲ್ಲ.

"ಆಯಿ ಪದ ಆಯಿ ಸಂಗಾಟ ಹೋಗಬಾರ್ದು. ಶಾಲಿ ಹುಡಿಗೇರು ಕಲೀಲಿ, ನೀ ಬರ್ಕೊ" ಎಂದು ದೊಡ್ಡಪ್ಪ ನನ್ನ ಕೈಗೆ ನೋಟ್‌ಬುಕ್ ಕೊಟ್ಟರು. ಎಂ.ಎ. ಮಾಡಿದವಳಿಗೆ ಇನ್ನೇನು ಕೆಲಸ!

ಆ ಹಳ್ಳಿಗೆ ಅವರು ಏನು ಕೊಟ್ಟಿರಬಹುದು? ಹೌದು, ಕಲ್ಲಿನ ವೇದಿಕೆ. ಮುಖ ಕಾಣುವಷ್ಟು ಪಾಲಿಶ್! ಆಯಿಯನ್ನು ಮೈಕಿನ ಮುಂದೆ ಕೂರಿಸಿದೆವು. ಹುಡುಗಿಯರು ಎದುರಿಗೆ ಕೂತರು. ನಾನು ಪೆನ್ನು ತೆರೆದೆ. ಆಯಿ ಬಾಯಿ ತೆರೆದರು. ಒಂದು ಸಾಲೂ ಬರಲಿಲ್ಲ.

"ಮರ್ತೀರೇನ್ರಿ ಆಯಿ?" ದೊಡ್ಡಪ್ಪ ಗಾಬರಿಯಾದರು.

"ಮರ್ಯಾಕ ನಾ ಏನ್ ಓದಿ ಕಲ್ತೀನೇನು? ಕೈಯಾಗ ಗೂಟ ಇರ್ಬೇಕು, ಬೀಸೋ ಕಲ್ಲು ತಿರಗ್ಬೇಕು. ಕೈ ಸುಮ್ಮ ಕುಂತ್ರ ಪದ ಎಲ್ಲಿಂದ ಬರ್ತಾವ?"

ಓದಿ ಕಲಿತವಳು ನಾನು, ಮೆಲ್ಲಗೆ ನೋಟ್‌ಬುಕ್ ಮುಚ್ಚಿದೆ. ದೊಡ್ಡಪ್ಪನ ಮುಖ ಮಾತ್ರ ಅರಳಿತು. ಕಲ್ಲು ಬೇಕಂತೆ, ಕಲ್ಲು!

ವಾರದೊಳಗೆ ತಮ್ಮ ಕಾರ್ಖಾನೆಯಲ್ಲೇ ನಾಲ್ಕು ಬೀಸುಕಲ್ಲು ಕೊರೆಸಿ ತಂದರು. ಹಾಸುಗಲ್ಲು ಮೆತ್ತಗಿನದು, ಬೀಸಲು ಕರಿಕಲ್ಲೇ ಬೇಕು ಎಂಬುದು ಸಂಭ್ರಮದಲ್ಲಿ ಮರೆತೇಹೋಗಿತ್ತು. ಆಯಿ ಹತ್ತು ಸುತ್ತು ತಿರುಗಿಸಿ, ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಜೋಳ ಹಾಂಗೇ ಅದ. ಕಲ್ಲೇ ಹಿಟ್ಟಾಗ್ಯದ."

ಆ ಹಿಟ್ಟನ್ನು ಎಸೆಯಲು ದೊಡ್ಡಪ್ಪನಿಗೆ ಮನಸ್ಸಾಗಲಿಲ್ಲ; ತಂದು ಮನೆಯ ಹಿಟ್ಟಿನ ಡಬ್ಬಿಗೆ ಸುರಿದರು. ಮನೆಯಲ್ಲಿ ಮೂರು ದಿನ ರೊಟ್ಟಿ ಕರಕರ ಎಂದಿತು. "ಕಡಕ್ ರೊಟ್ಟಿ ಅಂತಾರ ಇದಕ್ಕ" ಎಂದು ಸಮಜಾಯಿಷಿ ಬೇರೆ!

"ಹಲ್ಲು ಬಿದ್ರ ಅವೂ ಕಲ್ಲಿನವೇ ಮಾಡಿಸಿ ಕೊಡ್ರಿ" ಎಂದು ದೊಡ್ಡವ್ವ ತಟ್ಟೆ ಸರಿಸಿದರು.

ಕೊನೆಗೆ ಕೊಹೀರಿನ ಪರಿಚಯದವರ ಹಿತ್ತಲಿನಲ್ಲಿ ಬಿದ್ದಿದ್ದ ಹಳೆಯ ಕರಿಕಲ್ಲಿನ ಬೀಸುಕಲ್ಲನ್ನು ದೊಡ್ಡಪ್ಪ ಕೇಳಿ ತಂದರು. ಬೇರೆಯವರ ಕಲ್ಲು ಅವರ ಗಾಡಿ ಹತ್ತಿದ್ದು ಅದೇ ಮೊದಲು. ತಾಂಡೂರಿನ ಮಂದಿ ಕಂಡಾರೆಂದು ಅದಕ್ಕೆ ಗೋಣಿಚೀಲ ಹೊದಿಸಿದ್ದರು!

ಕಲ್ಲು ತಿರುಗಿತು. ಪದ ಬಂತು. ಒಂದಲ್ಲ, ಎರಡಲ್ಲ, ನನ್ನ ಪೆನ್ನು ಹಿಂದೆ ಬಿತ್ತು. ಹುಡುಗಿಯರು ಪಾಳಿಯ ಮೇಲೆ ಆಯಿಯ ಜೊತೆ ಗೂಟ ಹಿಡಿದು ಹಾಡಿದರು. ಆಮೇಲೆ ತವರಿನ ಪದ ಶುರುವಾಯಿತು. ಅದರಲ್ಲಿ ಹಾಡುವವಳು ತನ್ನ ಅಣ್ಣನದೋ ತಮ್ಮನದೋ ಹೆಸರು ಸೇರಿಸಬೇಕು. ಆ ಜಾಗಕ್ಕೆ ಬಂದಾಗ ಆಯಿಯ ಕೈ ನಿಂತಿತು. ಅವರಿಗಿದ್ದ ಒಬ್ಬನೇ ತಮ್ಮ ಹೋದ ವರ್ಷ ತೀರಿಕೊಂಡಿದ್ದನಂತೆ.

"ಇದೊಂದು ಬ್ಯಾಡ ಬಿಡ್ರಿ. ಹೆಸರು ಹಚ್ಚಾಕ ಯಾರೂ ಉಳದಿಲ್ಲ" ಎಂದರು ಆಯಿ.

ದೊಡ್ಡಪ್ಪ ಎದ್ದು ಹೋಗಿ, ಬೀಸುಕಲ್ಲಿನ ಆಚೆ ಬದಿಗೆ ಕೂತು, ಗೂಟಕ್ಕೆ ತಮ್ಮ ಕೈ ಹಚ್ಚಿದರು.

"ನನಗೂ ಅಕ್ಕತಂಗೇರು ಯಾರೂ ಇಲ್ರಿ. ನನ್ನ ಹೆಸರು ಹಚ್ಚಿ ನೋಡ್ರಿ, ಕೂಡ್ತದೇನು."

ಆಯಿ ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಸುರಿದರು. ಕಲ್ಲು ಮತ್ತೆ ತಿರುಗಿತು. ಹೆಸರು ಕೂಡಿತು. ಪದ ಪೂರ್ತಿಯಾಯಿತು, ನಾನು ಬರೆದುಕೊಂಡೆ.

ತಿರುಗಿ ಬರುವಾಗ ಅರ್ಧ ದಾರಿಯಲ್ಲಿ ದೊಡ್ಡಪ್ಪ ಗಾಡಿ ನಿಧಾನ ಮಾಡಿ, ನನ್ನ ಕಡೆ ನೋಡದೆ ಕೇಳಿದರು:

"ಯವ್ವಾ, ಪಂಚಮಿಗಿ ಅಕ್ಕಗ ಸೀರಿ ಒಯ್ಬೇಕು. ವಯಸ್ಸಾದೋರಿಗಿ ಎಂಥಾ ಬಣ್ಣ ಚಂದ ಕಾಣ್ತದ?"